ಸ್ಮೃತಿ ಪ್ರಮಾಣವೆ?

ಸ್ಮೃತಿಯು ಪ್ರಮಾಣವೋ ಅಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಶತಮಾನಗಳ ಕಾಲ ಚರ್ಚಿಸಿದರು. ಹಿಂದಿನ ಅನುಭವವು ಆತ್ಮದಲ್ಲಿ ಉಳಿಸಿಹೋದ ಸಂಸ್ಕಾರವೊಂದರಿಂದಲೇ ಹುಟ್ಟತಕ್ಕ ಜ್ಞಾನವು ತನ್ನ ವಿಷಯವನ್ನು ತಾನೇ ಸಂಧಿಸಿದುದಲ್ಲವಾದ್ದರಿಂದ, ಅದರಲ್ಲಿರುವ ಯಾಥಾರ್ಥ್ಯವೆಲ್ಲವೂ ಮೂಲಾನುಭವದಿಂದ ಕಡವಾಗಿ ಬಂದುದೆಂದು ಹೇಳಿ ನೈಯಾಯಿಕರು ಅದನ್ನು ಪ್ರಮೆಯ ಪಂಕ್ತಿಯಿಂದ ಹೊರಗಿಟ್ಟರು. ಅರಿಯದುದನ್ನು ಅರುಹುವುದೇ ಪ್ರಮಾಣದ ಲಕ್ಷಣವಾಗಿರಲು, ಅರಿತುದನ್ನೇ ಮರಳಿ ಅರುಹುವ ಸ್ಮೃತಿಗೆ ಆ ಗೌರವವು ಸಲ್ಲದೆಂದು ಮೀಮಾಂಸಕರು ನುಡಿದರು. ಪತಂಜಲಿಯ ಯೋಗಶಾಸ್ತ್ರವೂ ಚಿತ್ತವೃತ್ತಿಗಳನ್ನು ಎಣಿಸುವಾಗ ಪ್ರಮಾಣವನ್ನು ಒಂದು ವೃತ್ತಿಯಾಗಿಯೂ ಸ್ಮೃತಿಯನ್ನು ಬೇರೊಂದು ವೃತ್ತಿಯಾಗಿಯೂ ಗಣಿಸಿತು. ಇದಕ್ಕೆ ಒಪ್ಪದವರೂ ಇದ್ದರು. ಜೈನ ತಾರ್ಕಿಕರು ಪರೋಕ್ಷಪ್ರಮಾಣದ ಭೇದಗಳಲ್ಲಿ ಸ್ಮೃತಿಯನ್ನೂ ಪ್ರತ್ಯಭಿಜ್ಞೆಯನ್ನೂ ಸೇರಿಸಿದರು. ಟೀಕಾಚಾರ್ಯರೆಂದು ಕನ್ನಡನಾಡಿನಲ್ಲಿ ಪ್ರಸಿದ್ಧರಾದ ಜಯತೀರ್ಥರು, ವಸ್ತುವನ್ನು ಇದ್ದಂತೆ ತಿಳಿಸುವುದು ಯಾವುದೋ ಅದೇ ಪ್ರಮಾಣವೆಂಬ ಮಧ್ವಸಿದ್ಧಾಂತವನ್ನು ‘ಪ್ರಮಾಣಪದ್ಧತಿ’ಯಲ್ಲಿ ವಿವರಿಸುತ್ತ, ಇದ್ದುದನ್ನು ಇದ್ದಂತೆಯೇ ನೆನೆಯುವ ಸ್ಮೃತಿಯನ್ನು ಹೊರಗಿಡಲು ಕಾರಣವಿಲ್ಲವೆಂದು ಪ್ರತಿಪಾದಿಸಿದರು.

ಈ ಹಳೆಯ ವಾದವನ್ನು ಈಗ ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನಮ್ಮ ಕಾಲದ ಮನುಷ್ಯನು ತನ್ನ ಸ್ಮೃತಿಯ ಬಹುಭಾಗವನ್ನು ತನ್ನಿಂದ ಹೊರಗೆ ಇಟ್ಟಿದ್ದಾನೆ. ರೈತನ ಪಹಣಿ, ಬ್ಯಾಂಕಿನ ಖಾತೆ, ರೋಗಿಯ ಪೂರ್ವವೃತ್ತಾಂತ, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲವೂ ಎಲ್ಲೋ ತಣ್ಣಗಿನ ಕೋಣೆಯೊಂದರಲ್ಲಿ ಹಗಲಿರುಳು ಗುಂಯ್‌ಗುಡುತ್ತಿರುವ ಸರ್ವರುಗಳಲ್ಲಿ ನೆಲಸಿವೆ. ಆ ಸರ್ವರುಗಳು ಯಾವ ಕ್ಷಣದಲ್ಲಾದರೂ ಕೈಕೊಡಬಹುದಾದ್ದರಿಂದ ಅವುಗಳಲ್ಲಿರುವುದರ ಒಂದು ಪ್ರತಿಯನ್ನು ರಾತ್ರಿಯ ವೇಳೆ ಟೇಪುಗಳಿಗೆ ಬರೆದಿಡುವ ಏರ್ಪಾಡು ದೊಡ್ಡ ಸಂಸ್ಥೆಗಳಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ. ಈ ಬ್ಯಾಕಪ್ ಕಾರ್ಯವನ್ನು ನೋಡಿಕೊಳ್ಳುವವರು, ತಾವು ಮಾಡುತ್ತಿರುವುದು ಕೇವಲ ತಾಂತ್ರಿಕವಾದ ಒಂದು ಕರ್ತವ್ಯವೆಂದು ಭಾವಿಸುವುದು ಸಹಜ. ಆದರೆ ಆ ತಂತ್ರಾಂಶವನ್ನು ಅಣಿಗೊಳಿಸುವ ಒಂದೊಂದು ಹೆಜ್ಜೆಯಲ್ಲಿಯೂ, ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬಹುದು, ನೆನೆದುದು ನಿಜವೆಂದು ನಂಬುವುದು ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗಳಿಗೆ ಅವರು ಅರಿತೋ ಅರಿಯದೆಯೋ ಉತ್ತರ ಕೊಡುತ್ತಿರುತ್ತಾರೆ. ಪರರ ಸ್ಮೃತಿಯನ್ನು ಕಾಪಾಡುವ ಹೊಣೆಯು ಧಾರ್ಮಿಕವಾದ ಹೊಣೆ. ಅದನ್ನು ನಿರ್ವಹಿಸುವವನಿಗೆ ಪ್ರಾಮಾಣ್ಯಶಾಸ್ತ್ರದ ವಿವೇಕವು ಬೇಕೇ ಬೇಕೆಂಬುದು ಹಲವು ವರ್ಷ ಈ ಕೆಲಸದ ನಡುವೆ ಇದ್ದ ನನ್ನ ದೃಢವಾದ ಅಭಿಪ್ರಾಯ.

ಬಾಕುಲಾ ಎಂಬ ತಂತ್ರಾಂಶವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕರ್ನ್ ಸಿಬಾಲ್ಡ್ ಅವರು 2000ದಲ್ಲಿ ಆರಂಭಿಸಿ 2002ರಲ್ಲಿ ಲೋಕಕ್ಕೆ ಮುಕ್ತವಾಗಿ ನೀಡಿದ ಈ ತಂತ್ರಾಂಶವು, ಅದಕ್ಕೂ ಮೊದಲು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಅಮಾಂಡಾದಂತೆಯೇ, ನೆಟ್‌ವರ್ಕಿನ ಮೂಲಕ ಅನೇಕ ಸರ್ವರುಗಳ ಕಡತಗಳನ್ನು ಒಂದೆಡೆ ಬರೆದಿಡುವುದಕ್ಕಾಗಿ ಏರ್ಪಟ್ಟದ್ದು. ಅದರಲ್ಲಿ ಕಾರ್ಯವು ಹಂಚಿಹೋಗಿದೆ. ಯಾವಾಗ, ಏನನ್ನು, ಎಲ್ಲಿಗೆ ಎಂದು ಆಜ್ಞಾಪಿಸುವುದು ಡೈರೆಕ್ಟರ್. ಸರ್ವರಿನೊಳಗೆ ಕುಳಿತು ಕಡತಗಳನ್ನು ಓದಿ ಕಳುಹಿಸುವುದು ಫೈಲ್ ಡೀಮನ್. ಬಂದುದನ್ನು ಟೇಪಿಗೆ ಬರೆಯುವುದು ಸ್ಟೋರೇಜ್ ಡೀಮನ್. ಯಾವ ಕಡತವು ಯಾವ ದಿನ ಯಾವ ಟೇಪಿನ ಯಾವ ಸ್ಥಾನದಲ್ಲಿ ಬರೆಯಲ್ಪಟ್ಟಿತೆಂಬುದನ್ನು ಡೇಟಾಬೇಸಿನಲ್ಲಿ ಕಾಪಿಟ್ಟುಕೊಳ್ಳುವುದು ಕ್ಯಾಟಲಾಗ್. ಈ ಕೊನೆಯದರ ವಿಷಯವೇ ತತ್ತ್ವದೃಷ್ಟಿಯಿಂದ ವಿಚಾರಾರ್ಹವಾದುದು. ಸಂಸ್ಕಾರವು ಇದ್ದ ಮಾತ್ರಕ್ಕೆ ಸ್ಮೃತಿಯು ಹುಟ್ಟದು, ಆ ಸಂಸ್ಕಾರವನ್ನು ಎಚ್ಚರಗೊಳಿಸುವ ಉದ್ಬೋಧಕವೊಂದು ಬೇಕು ಎಂದು ನ್ಯಾಯಶಾಸ್ತ್ರವು ಹೇಳುತ್ತದೆ. ಪ್ರಣಿಧಾನ, ಅಭ್ಯಾಸ, ಸಾದೃಶ್ಯ, ಭಯ ಮೊದಲಾದ ಅಂಥ ಉದ್ಬೋಧಕಗಳ ದೀರ್ಘವಾದ ಪಟ್ಟಿಯೊಂದನ್ನು ಗೌತಮರ ಸೂತ್ರವು ಕೊಟ್ಟಿದೆ. ಟೇಪು ಸಂಸ್ಕಾರವಾದರೆ ಕ್ಯಾಟಲಾಗು ಅದರ ಉದ್ಬೋಧಕ. ಅವಧಿಯನ್ನು ನಾವೇ ಬರೆದು ಗೊತ್ತುಪಡಿಸದಿದ್ದರೆ ಬಾಕುಲಾ ಕಡತಗಳ ವಿವರವನ್ನು 60 ದಿನಗಳವರೆಗೂ, ಜಾಬ್‌ಗಳ, ಎಂದರೆ ಒಂದೊಂದು ಸಲ ನಡೆದ ಬ್ಯಾಕಪ್ ಕಾರ್ಯಗಳ, ವಿವರವನ್ನು 180 ದಿನಗಳವರೆಗೂ, ಟೇಪನ್ನು 365 ದಿನಗಳವರೆಗೂ ಉಳಿಸಿಕೊಳ್ಳುತ್ತದೆ. ಎಂದರೆ ಮೂರನೆಯ ತಿಂಗಳಿನಲ್ಲಿ ಒಬ್ಬನು ತಾನು ಅಳಿಸಿದ ಒಂದು ಪತ್ರವನ್ನು ಕೇಳಿಕೊಂಡು ಬಂದಾಗ, ಪತ್ರವು ಟೇಪಿನಲ್ಲಿ ಅಕ್ಷರಕ್ಕೆ ಅಕ್ಷರವಾಗಿ ಇದ್ದರೂ, ಅದರ ಹೆಸರು ಕ್ಯಾಟಲಾಗಿನಿಂದ ಜಾರಿಹೋಗಿರುತ್ತದೆ. ಇಡೀ ಜಾಬನ್ನೇ ಹೊರತೆಗೆಯಬೇಕು, ಇಲ್ಲವೆ ಟೇಪನ್ನು ಮೊದಲಿನಿಂದ ಓದಿಸಿ ಕ್ಯಾಟಲಾಗನ್ನು ಮರಳಿ ಕಟ್ಟಬೇಕು.

ಸಂಸ್ಕಾರವಿದ್ದೂ ಸ್ಮೃತಿಯಿಲ್ಲದ ಈ ಸ್ಥಿತಿಯು ಯಂತ್ರಗಳಿಗೆ ಮಾತ್ರ ಒದಗಿದ್ದೆಂದು ತಿಳಿಯಬಾರದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳ ಮೇಲೆ ಧವಲಾ, ಜಯಧವಲಾ, ಮಹಾಧವಲಾ ಎಂಬ ಆಗಮಗ್ರಂಥಗಳು ಶತಮಾನಗಳ ಕಾಲ ಭಕ್ತಿಯಿಂದ ಪೂಜಿತವಾಗಿ ಸುರಕ್ಷಿತವಾಗಿದ್ದವು. ಯಾತ್ರಿಕರು ಅವುಗಳ ದರ್ಶನವನ್ನು ಪಡೆದು ಕೈಮುಗಿದು ಹೋಗುತ್ತಿದ್ದರು. ಆದರೆ ಅವನ್ನು ಓದಿ ಪ್ರತಿಮಾಡುವ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕೈಗೂಡಲಿಲ್ಲ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾದುದು 1939ರಲ್ಲಿ. ಗರಿಗಳನ್ನು ಕಾಪಾಡಿದ ಆ ಶ್ರದ್ಧೆಗೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಆದರೂ ಒಂದು ಜನಾಂಗದ ಶಾಸ್ತ್ರಸ್ಮೃತಿಯು ಮತ್ತೆ ಜೀವಂತವಾದುದು ಅವು ಪೆಟ್ಟಿಗೆಯಲ್ಲಿ ಇದ್ದುದರಿಂದ ಮಾತ್ರವೇ ಅಲ್ಲ, ಯಾರೋ ಅವನ್ನು ಬಿಚ್ಚಿ ಓದಿದುದರಿಂದ. ಬಾಕುಲಾವನ್ನು ಅಣಿಗೊಳಿಸುವವನು ಕ್ಯಾಟಲಾಗಿನ ಬ್ಯಾಕಪ್ಪನ್ನು ಉಳಿದೆಲ್ಲ ಜಾಬ್‌ಗಳೂ ಮುಗಿದ ಮೇಲೆ ನಡೆಯುವಂತೆ ಇಡಬೇಕೆಂದು ಬಲ್ಲವರು ಹೇಳುವುದೂ, ತಂತ್ರಾಂಶದೊಡನೆ ಬರುವ ಮಾದರಿ ವ್ಯವಸ್ಥೆಯೇ ಇತರ ಜಾಬ್‌ಗಳನ್ನು ರಾತ್ರಿ 23:05ಕ್ಕೂ ಕ್ಯಾಟಲಾಗನ್ನು 23:10ಕ್ಕೂ ಗೊತ್ತುಪಡಿಸಿ, ಮೊದಲಿನವು ಮುಗಿಯುವ ತನಕ ಎರಡನೆಯದು ಕಾಯುವಂತೆ ಮಾಡಿರುವುದೂ ಇದೇ ಕಾರಣಕ್ಕೆ. ಉದ್ಬೋಧಕವನ್ನು ಕಳೆದುಕೊಂಡವನ ಕೈಯಲ್ಲಿ ನೂರು ಟೇಪುಗಳಿದ್ದರೂ ಅವನು ಸ್ಮೃತಿಹೀನನೇ ಸರಿ.

ಇದಕ್ಕಿಂತ ಸೂಕ್ಷ್ಮವಾದುದು ಅಭಾವದ ಪ್ರಶ್ನೆ. ಇಲ್ಲದುದನ್ನು ಅರಿಯುವುದು ಹೇಗೆ? ಅದಕ್ಕಾಗಿಯೇ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವೊಂದನ್ನು ಭಾಟ್ಟಮೀಮಾಂಸಕರು ಒಪ್ಪಿದರು; ಆದರೆ ಅದಕ್ಕೊಂದು ನಿಯಮವಿದೆ. ಇದ್ದಿದ್ದರೆ ಕಾಣಿಸಲೇಬೇಕಾಗಿದ್ದ ವಸ್ತುವು ಕಾಣಿಸದಿದ್ದಾಗ ಮಾತ್ರ ಅದು ಇಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣಲಿಲ್ಲವೆಂಬುದರಿಂದ ಕೊಡವಿಲ್ಲವೆಂದು ಹೇಳಲಾಗದು. ಬ್ಯಾಕಪ್ಪಿನಲ್ಲಿ ಈ ಕತ್ತಲೆಯು ಯಾವ ರೂಪದಿಂದ ಬರುತ್ತದೆಂಬುದನ್ನು ಒಂದು ಸಣ್ಣ ವಿವರದಿಂದ ತೋರಿಸಬಹುದು. ಯಾವ ಯಾವ ಕಡತಗಳನ್ನು ಉಳಿಸಬೇಕೆಂಬುದನ್ನು ಫೈಲ್‌ಸೆಟ್ ಎಂಬ ಭಾಗದಲ್ಲಿ ಬರೆಯಬೇಕಷ್ಟೆ. ಸರ್ವರಿನಲ್ಲಿರುವುದೆಲ್ಲವೂ ಬೇಕೆಂಬ ಸದುದ್ದೇಶದಿಂದ ಒಬ್ಬನು ಅಲ್ಲಿ ಮೂಲ ಡೈರೆಕ್ಟರಿಯನ್ನು ಸೂಚಿಸುವ ಓರೆಗೆರೆಯನ್ನು ಮಾತ್ರ ಬರೆದು ನಿಶ್ಚಿಂತನಾಗುತ್ತಾನೆ. ಆದರೆ ಬಾಕುಲಾ, ಬೇರೆ ಅಪ್ಪಣೆಯಿಲ್ಲದಿದ್ದರೆ, ಒಂದು ಫೈಲ್‌ಸಿಸ್ಟಮ್ಮಿನ ಎಲ್ಲೆಯನ್ನು ದಾಟಿ ಇನ್ನೊಂದಕ್ಕೆ ಇಳಿಯುವುದಿಲ್ಲ. ಬಳಕೆದಾರರ ಕಡತಗಳೆಲ್ಲ ಇರತಕ್ಕ ಹೋಮ್ ಡೈರೆಕ್ಟರಿಯು ಪ್ರತ್ಯೇಕವಾದ ಡಿಸ್ಕಿನ ಮೇಲೆ ಇದ್ದ ಪಕ್ಷದಲ್ಲಿ, ಅದು ಬೇರೆಯ ಫೈಲ್‌ಸಿಸ್ಟಮ್ ಆದ್ದರಿಂದ ಅಲ್ಲಿಗೆ ಇಳಿಯುವುದಿಲ್ಲವೆಂದು ಒಂದು ಸಾಲನ್ನು ವರದಿಯಲ್ಲಿ ಬರೆದು ತಂತ್ರಾಂಶವು ಮುಂದೆ ಸಾಗುತ್ತದೆ. ಬರೆದ ಕಡತಗಳ ಸಂಖ್ಯೆಯನ್ನು ಫೈಲ್ ಡೀಮನ್ನೂ ಸ್ಟೋರೇಜ್ ಡೀಮನ್ನೂ ಬೇರೆಬೇರೆಯಾಗಿ ಹೇಳಿ, ಎರಡೂ ಒಂದೇ ಆಗಿ, ವರದಿಯ ಕೊನೆಯಲ್ಲಿ ಬ್ಯಾಕಪ್ ಓಕೆ ಎಂಬ ಮುದ್ರೆಯು ಬೀಳುತ್ತದೆ. ಈ ವರದಿಯಲ್ಲಿ ಸುಳ್ಳಿನ ಲೇಶವೂ ಇಲ್ಲ. ಮಾಡೆಂದುದನ್ನು ಅದು ಮಾಡಿದೆ, ಮಾಡಲಿಲ್ಲವೆಂಬುದನ್ನು ಒಂದು ಸಾಲಿನಲ್ಲಿ ಹೇಳಿಯೂ ಇದೆ. ಆದರೆ ಆ ಸಾಲನ್ನು ದಿನವೂ ನೋಡುವ ಕಣ್ಣು ಕ್ರಮೇಣ ಅದನ್ನು ನೋಡದಂತಾಗುತ್ತದೆ. ಮತ್ತು ವರದಿಯೆಂಬುದು ಸ್ವಭಾವತಃ ಬರೆದುದನ್ನು ಹೇಳುವ ಸಾಧನವಾದ್ದರಿಂದ, ಬರೆಯದೆ ಉಳಿದುದರ ಪೂರ್ಣವಾದ ಅರಿವು ಅದರಿಂದ ಬರಲಾರದು. ಇರಬೇಕಾದುದು ಯಾವುದೆಂಬುದನ್ನು ಬೇರೊಂದು ಮೂಲದಿಂದ ಅರಿತವನಿಗೆ ಮಾತ್ರ ಅನುಪಲಬ್ಧಿಯು ಪ್ರಮಾಣವಾಗುತ್ತದೆ. ಆದುದರಿಂದ ಡಿಸ್ಕಿನ ಮೇಲೆ ಎಷ್ಟು ಗಿಗಾಬೈಟು ತುಂಬಿದೆ, ಟೇಪಿಗೆ ಎಷ್ಟು ಹೋಯಿತು ಎಂದು ತಾಳೆನೋಡುವ ಚಿಕ್ಕ ಅಭ್ಯಾಸವನ್ನು ನಾನು ಎಲ್ಲ ಜಾಣ್ಮೆಯ ಏರ್ಪಾಡುಗಳಿಗಿಂತಲೂ ಮೇಲೆಂದು ಎಣಿಸುತ್ತೇನೆ.

ಕಾಲದ ತೊಡಕೂ ಒಂದುಂಟು. ರಾತ್ರಿ ಹನ್ನೊಂದಕ್ಕೆ ತೊಡಗಿದ ಪೂರ್ಣ ಬ್ಯಾಕಪ್ಪು ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತೆನ್ನೋಣ. ಮೊದಲು ಓದಿದ ಕಡತವು ಹನ್ನೊಂದರ ಸ್ಥಿತಿಯಲ್ಲಿಯೂ ಕೊನೆಯ ಕಡತವು ನಾಲ್ಕರ ಸ್ಥಿತಿಯಲ್ಲಿಯೂ ಟೇಪನ್ನು ಸೇರಿವೆ; ನಡುವಿನ ಐದು ಗಂಟೆಗಳಲ್ಲಿ ಸರ್ವರು ಸುಮ್ಮನಿರಲಿಲ್ಲ. ಹೀಗಾಗಿ ಟೇಪಿನ ಮೇಲೆ ಮೂಡಿದ ಒಟ್ಟು ಚಿತ್ರವು ಯಾವ ಒಂದು ಕ್ಷಣದಲ್ಲಿಯೂ ನಿಜವಾಗಿ ಇದ್ದ ಸ್ಥಿತಿಯ ಚಿತ್ರವಾಗಿರುವುದಿಲ್ಲ. ಎಂದೂ ಅನುಭವಕ್ಕೆ ಬಾರದುದರ ಸ್ಮೃತಿಯಿದು! ಬೇರೆಬೇರೆ ಪತ್ರಗಳಿರುವ ಕೋಶದಲ್ಲಿ ಇದರಿಂದ ಹಾನಿ ಅಲ್ಪ. ಆದರೆ ಡೇಟಾಬೇಸಿನ ಕಡತವನ್ನು ಅದು ತೆರೆದಿರುವಾಗಲೇ ನಕಲುಮಾಡಿದರೆ ಒಂದು ಪುಟದಲ್ಲಿ ಹಣವು ಖಾತೆಯಿಂದ ಹೊರಬಿದ್ದು ಇನ್ನೊಂದು ಪುಟದಲ್ಲಿ ಯಾವ ಖಾತೆಗೂ ಸೇರದೆ ಉಳಿಯಬಹುದು. ಅದಕ್ಕಾಗಿ ಸ್ನ್ಯಾಪ್‌ಶಾಟೆಂಬ ಉಪಾಯದಿಂದ ಡಿಸ್ಕಿನ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿ ಅದನ್ನು ಓದಿಸುತ್ತಾರೆ. ಅಥವಾ ಡೇಟಾಬೇಸು ತಾನೇ ಒಂದು ಕ್ಷಣದ ಸ್ಥಿತಿಗೆ ಬದ್ಧವಾಗಿ ತನ್ನ ಡಂಪನ್ನು ಬರೆದುಕೊಡುವಂತೆ ಏರ್ಪಡಿಸಿ ಆ ಡಂಪನ್ನು ಟೇಪಿಗೆ ಸೇರಿಸುತ್ತಾರೆ. ವಸ್ತುವೆಲ್ಲ ಕ್ಷಣಿಕವೆಂದ ಬೌದ್ಧರಿಗೆ, ಸ್ಮರಣೆಯು ಸಂಭವಿಸಬೇಕಾದರೆ ಅನುಭವಿಸಿದವನೂ ಸ್ಮರಿಸುವವನೂ ಒಬ್ಬನೇ ಆಗಿರಬೇಕಲ್ಲವೆ ಎಂದು ಶಂಕರಾಚಾರ್ಯರು ಆಕ್ಷೇಪಿಸಿದರು. ಆ ಆಕ್ಷೇಪವು ಚೇತನನ ವಿಷಯದಲ್ಲಿ ಅಜೇಯವೆಂದೇ ನನಗೆ ತೋರುತ್ತದೆ. ಕಡತಗಳ ವಿಷಯದಲ್ಲಿ ಮಾತ್ರ ಬೌದ್ಧರ ಮಾತು ನಿಲ್ಲುತ್ತದೆ: ಬೇರೆ ಡಿಸ್ಕಿನ ಮೇಲೆ ಮರಳಿ ಬಂದ ಕಡತವು ಹಳೆಯ ಕಡತವೇ ಅಲ್ಲ, ಅದರ ಸದೃಶಸಂತಾನ, ಎರಡರಿಂದ ಲೆಕ್ಕ ಹಾಕಿದ, ಚೆಕ್‌ಸಮ್ ಎಂಬ ಮುದ್ರಾಂಕವು ಒಂದೇ ಆಗಿದ್ದರೆ ವ್ಯವಹಾರಕ್ಕೆ ಅಷ್ಟೇ ಸಾಕು.

ಇನ್ನು ಟೇಪ್ ಡ್ರೈವಿನ ವೇಗವನ್ನು ಹೊಂದಿಸುವ ಕಾರ್ಯ. ಎಲ್‌ಟಿಒ ಟೇಪುಗಳ ಮೊದಲ ಪೀಳಿಗೆಯು 2000ದಲ್ಲಿ 100 ಗಿಗಾಬೈಟಿನ ಧಾರಣಶಕ್ತಿಯೊಡನೆ ಬಂದಿತು. 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯು 18 ಟೆರಾಬೈಟುಗಳನ್ನು ಹಿಡಿಯುತ್ತದೆ. ಅನೇಕ ಕಡೆ ಈಗಲೂ ಕಾಣುವ ನಾಲ್ಕನೆಯ ಪೀಳಿಗೆಯ ಡ್ರೈವು ಅರ್ಧ ಅಂಗುಲ ಅಗಲ, 820 ಮೀಟರ್ ಉದ್ದದ ಟೇಪಿನ ಮೇಲೆ ಸೆಕೆಂಡಿಗೆ 120 ಮೆಗಾಬೈಟಿನಂತೆ ಬರೆಯಬಲ್ಲದು. ಸಣ್ಣ ಸಣ್ಣ ಕಡತಗಳು ಲಕ್ಷಗಟ್ಟಲೆ ತುಂಬಿರುವ ಸರ್ವರಿನಿಂದ ಗಿಗಾಬಿಟ್ ನೆಟ್‌ವರ್ಕಿನ ಮೇಲೆ ಆ ವೇಗವು ಬರುವುದು ದುರ್ಲಭ. ಡ್ರೈವು ತನ್ನ ವೇಗವನ್ನು ಒಂದು ಮಿತಿಯವರೆಗೆ ತಗ್ಗಿಸಿಕೊಂಡೀತು. ಅದಕ್ಕೂ ಕೆಳಗೆ ಬಿದ್ದರೆ, ಪಾರಾಯಣದ ನಡುವೆ ತಡೆಯುಂಟಾದವನು ಹಿಂದಿನ ಪದಕ್ಕೆ ಸರಿದು ಮತ್ತೆ ಹೇಳಿಕೊಂಡು ಬರುವಂತೆ, ಟೇಪು ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಮುಂದಕ್ಕೆ ಓಡಿ, ಬಿಟ್ಟ ಸ್ಥಳದಿಂದ ಬರೆಯತೊಡಗುತ್ತದೆ. ಶೂ ಶೈನಿಂಗ್ ಎಂದು ಕರೆಯಲ್ಪಡುವ ಈ ಹಿಂದುಮುಂದಿನ ಓಡಾಟದಿಂದ ಕಾಲವೂ ಹಾಳು, ಟೇಪೂ ಸವೆತ, ಹೆಡ್ಡೂ ಸವೆತ. ಇದಕ್ಕೆ ಪರಿಹಾರವಾಗಿ, ಬಂದ ದತ್ತಾಂಶವನ್ನೆಲ್ಲ ಮೊದಲು ವೇಗದ ಡಿಸ್ಕಿನ ಮೇಲೆ ಸ್ಪೂಲ್ ಮಾಡಿ, ಸಾಕಷ್ಟು ಕೂಡಿದ ಮೇಲೆ ಒಂದೇ ಧಾರೆಯಾಗಿ ಟೇಪಿಗೆ ಹರಿಸುವ ಕ್ರಮವನ್ನು ಬಾಕುಲಾದಲ್ಲಿ ಇಟ್ಟಿದ್ದಾರೆ. ಬ್ಲಾಕಿನ ಗಾತ್ರವನ್ನು ಹಿಗ್ಗಿಸುವುದೂ, ಡ್ರೈವೇ ಸಂಕೋಚಿಸಬಲ್ಲದ್ದನ್ನು ತಂತ್ರಾಂಶದಲ್ಲಿ ಮೊದಲೇ ಸಂಕೋಚಿಸದಿರುವುದೂ ಇದಕ್ಕೆ ಸಹಾಯಕ. ಇವೆಲ್ಲವೂ ಯೋಗ್ಯವಾದ ಶ್ರಮಗಳೇ. ಆದರೆ ಬರೆಯುವ ವೇಗವನ್ನು ಹೆಚ್ಚಿಸುವುದರಲ್ಲಿ ತಿಂಗಳುಗಟ್ಟಲೆ ತೊಡಗಿರುವವರು ಓದುವ ವೇಗವನ್ನು ಒಮ್ಮೆಯೂ ಅಳೆಯದಿರುವುದನ್ನು ನಾನು ಕಂಡಿದ್ದೇನೆ. ಸ್ಪೂಲ್ ಮಾಡದೆ ಹತ್ತು ಜಾಬ್‌ಗಳನ್ನು ಏಕಕಾಲದಲ್ಲಿ ಒಂದೇ ಟೇಪಿಗೆ ಹೆಣೆದು ಬರೆಸಿದರೆ ಬರೆವಣಿಗೆಯು ಸರಾಗವಾಗಿ ಸಾಗೀತು. ಅವುಗಳಲ್ಲಿ ಒಂದನ್ನು ಮಾತ್ರ ಹಿಂದೆ ಪಡೆಯಬೇಕಾದಾಗ ಉಳಿದ ಒಂಬತ್ತರ ಎಳೆಗಳನ್ನು ದಾಟಿಕೊಂಡು ಹೋಗಬೇಕಾಗುತ್ತದೆ. ಸ್ಮೃತಿಯ ಪ್ರಯೋಜನವು ಸ್ಮರಣೆಯಲ್ಲಿರುವುದೇ ಹೊರತು ಧಾರಣೆಯಲ್ಲಿ ಅಲ್ಲ.

ಪ್ರತಿಬಿಂಬವನ್ನು ಸ್ಮೃತಿಯೆಂದು ತಿಳಿಯುವ ಭ್ರಮೆಯೂ ಬಹಳ ಹಬ್ಬಿದೆ. ಎರಡು ಡಿಸ್ಕುಗಳಲ್ಲಿ ಒಂದನ್ನೇ ಬರೆಯುತ್ತಿದ್ದೇವೆ, ಎರಡು ಊರುಗಳಲ್ಲಿ ಪ್ರತಿಗಳಿವೆ, ಇನ್ನೇತರ ಭಯವೆಂದು ಕೇಳುವವರಿಗೆ 2011ರ ಫೆಬ್ರವರಿಯಲ್ಲಿ ಜಿಮೇಲಿಗೆ ಒದಗಿದ ಸಂಕಟವನ್ನು ಜ್ಞಾಪಿಸಬೇಕು. ಗೂಗಲ್ ಸಂಸ್ಥೆಯು ಅಂಚೆಯನ್ನು ಹಲವು ಡೇಟಾ ಸೆಂಟರುಗಳಲ್ಲಿ ಪ್ರತಿಮಾಡಿ ಇಟ್ಟಿದ್ದರೂ, ಸಂಗ್ರಹ ತಂತ್ರಾಂಶದ ಪರಿಷ್ಕರಣದಲ್ಲಿದ್ದ ಒಂದು ದೋಷವು ಆ ಎಲ್ಲ ಪ್ರತಿಗಳನ್ನೂ ಮುಟ್ಟಿತು; ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಯ ಪೆಟ್ಟಿಗೆಗಳು ಬರಿದಾಗಿ ಕಂಡವು. ಕೊನೆಗೆ ಆ ಪತ್ರಗಳು ಮರಳಿ ಬಂದುದು ಜಾಲಕ್ಕೆ ಹೊರತಾಗಿ ಇದ್ದ ಟೇಪುಗಳಿಂದ. ಕನ್ನಡಿಯು ಎದುರಿಗಿರುವುದನ್ನು ತೋರಿಸುತ್ತದೆ. ಎದುರಿಗಿದ್ದುದು ಅಳಿದರೆ ಅಳಿದುದನ್ನೂ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. ವರ್ತಮಾನಕ್ಕೆ ಅಧೀನವಾಗದಿರುವುದೇ ಸ್ಮೃತಿಯ ವಿಶೇಷ. ಅನುಭವದಿಂದ ಅದು ಬೇರ್ಪಟ್ಟಿದೆಯೆಂಬ ಯಾವ ಕಾರಣಕ್ಕಾಗಿ ನೈಯಾಯಿಕರು ಅದನ್ನು ಕೆಳಗಿಟ್ಟರೋ ಆ ಕಾರಣಕ್ಕಾಗಿಯೇ ವಿಪತ್ಕಾಲದಲ್ಲಿ ಅದು ನಮ್ಮನ್ನು ಕಾಯುತ್ತದೆ.

ಈಗ ಮೂಲಪ್ರಶ್ನೆಗೆ ಬರಬಹುದು. ಟೇಪಿನಲ್ಲಿರುವ ಸ್ಮೃತಿಯು ಯಥಾರ್ಥವೆಂದು ನಾವು ತಿಳಿಯುವುದು ಹೇಗೆ? ಕುಮಾರಿಲಭಟ್ಟರ ಮತದಂತೆ ಜ್ಞಾನವು ಸ್ವತಃ ಪ್ರಮಾಣ. ಅದಕ್ಕೆ ವಿರುದ್ಧವಾದ ಬಾಧಕಜ್ಞಾನವಾಗಲಿ ಕಾರಣದೋಷದ ಅರಿವಾಗಲಿ ತಲೆದೋರುವ ತನಕ ಅದನ್ನು ಶಂಕಿಸಲು ಹೇತುವಿಲ್ಲ. ಬ್ಯಾಕಪ್ ಓಕೆ ಎಂಬ ಮುದ್ರೆಯನ್ನು ನಂಬಿ ಮನೆಗೆ ಹೋಗುವವನು ಈ ಮತದ ಅನುಯಾಯಿ. ಅವನ ನಂಬಿಕೆಗೆ ಆಧಾರವಿಲ್ಲದಿಲ್ಲ: ಬರೆಯುವ ಹೆಡ್ಡಿನ ಹಿಂದೆಯೇ ಓದುವ ಹೆಡ್ಡೊಂದಿದ್ದು ಬರೆದುದನ್ನು ಆ ಕ್ಷಣವೇ ಓದಿ ತಾಳೆನೋಡುತ್ತದೆ, ಬೇಕಾದರೆ ವೆರಿಫೈ ಎಂಬ ಜಾಬನ್ನಿಟ್ಟು ಟೇಪಿನಲ್ಲಿರುವ ವಿವರಗಳನ್ನು ಕ್ಯಾಟಲಾಗಿನೊಡನೆ ಹೋಲಿಸಿಯೂ ನೋಡಬಹುದು. ಆದರೆ ಹೆಡ್ಡು ಹೇಳುವುದು ಕಳುಹಿಸಿದುದೇ ಬರೆಯಲ್ಪಟ್ಟಿತೆಂದಷ್ಟೇ ಹೊರತು ಕಳುಹಿಸಿದುದು ಸರಿಯಾಗಿತ್ತೆಂದಲ್ಲ. ಈ ಬಗೆಯ ವೆರಿಫೈ ಜಾಬು ಒಂದು ಸ್ಮೃತಿಯನ್ನು ಇನ್ನೊಂದು ಸ್ಮೃತಿಯೊಡನೆ ತೂಗುವುದಲ್ಲದೆ ವಸ್ತುವಿನೊಡನೆ ತೂಗುವುದಿಲ್ಲ. ನೈಯಾಯಿಕರಾದರೋ ಪ್ರಾಮಾಣ್ಯವು ಪರತಃ ಎನ್ನುತ್ತಾರೆ. ದೂರದಲ್ಲಿ ನೀರು ಕಂಡಿತು. ಅದು ನೀರೇ ಎಂಬುದು ನಿಶ್ಚಯವಾಗುವುದು ಹೋಗಿ ಕುಡಿದು ಬಾಯಾರಿಕೆ ತೀರಿದಾಗ. ರಿಸ್ಟೋರ್ ಮಾಡಿ ನೋಡಿದ ಹೊರತು ಬ್ಯಾಕಪ್ಪು ಇದೆಯೆಂದು ಹೇಳಬಾರದೆಂಬುದು ಈ ಮತದ ಅನ್ವಯ.

ಎರಡರಲ್ಲಿ ಯಾವುದು ಗ್ರಾಹ್ಯವೆಂದು ಕೇಳಿದರೆ ನಾನು ನಿಸ್ಸಂಕೋಚವಾಗಿ ನ್ಯಾಯಮತದ ಪಕ್ಷವನ್ನು ಹಿಡಿಯುತ್ತೇನೆ. ನಿತ್ಯಜೀವನದಲ್ಲಿ ಕುಮಾರಿಲರ ನಿಯಮವು ಸಾಕಾಗುವುದು ಏಕೆಂದರೆ ಅಲ್ಲಿ ಬಾಧಕವು ತಾನಾಗಿಯೇ ಬೇಗನೆ ಬಂದೊದಗುತ್ತದೆ. ಹಗ್ಗವನ್ನು ಹಾವೆಂದು ಕಂಡವನಿಗೆ ದೀಪ ತಂದೊಡನೆ ಭ್ರಮೆಯು ಹರಿಯುತ್ತದೆ. ಬ್ಯಾಕಪ್ಪಿನ ಸ್ಮೃತಿಗಾದರೋ ಬಾಧಕವು ಬರುವುದು ಸರ್ವರು ಕೆಟ್ಟ ದಿನ, ಅಂದರೆ ಅದರಿಂದ ಯಾವ ಉಪಕಾರವೂ ಆಗಲಾರದ ದಿನ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದನ್ನು ಆ ಸಂಸ್ಥೆಯವರೇ ಲೋಕದ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟು ಮಹದುಪಕಾರ ಮಾಡಿದ್ದಾರೆ. ಡೇಟಾಬೇಸನ್ನು ಸರಿಪಡಿಸಲು ರಾತ್ರಿ ಹೆಣಗುತ್ತಿದ್ದ ಎಂಜಿನಿಯರೊಬ್ಬರು ಒಂದು ಸರ್ವರಿನ ಬದಲು ಇನ್ನೊಂದರಲ್ಲಿ ಅಳಿಸುವ ಆಜ್ಞೆಯನ್ನು ಕೊಟ್ಟು, ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟುಗಳಲ್ಲಿ 4.5 ಗಿಗಾಬೈಟುಗಳಷ್ಟೇ ಉಳಿದಿದ್ದವು. ಆಗ ಬ್ಯಾಕಪ್ಪುಗಳನ್ನು ಹುಡುಕಿದರೆ ಅವು ಬರಿದು. ಡೇಟಾಬೇಸಿನ ಆವೃತ್ತಿಯು 9.6, ಡಂಪ್ ತೆಗೆಯುತ್ತಿದ್ದ ಸಲಕರಣೆಯು 9.2ರದ್ದಾದ್ದರಿಂದ ಪ್ರತಿದಿನವೂ ಅದು ವಿಫಲವಾಗುತ್ತಿತ್ತು. ವಿಫಲವಾಯಿತೆಂಬ ಸೂಚನೆಯ ಅಂಚೆಯೂ, ಕಳುಹಿಸಿದವರ ಗುರುತು ಸಿದ್ಧವಾಗದೆ, ದಾರಿಯಲ್ಲೇ ನಿರಾಕೃತವಾಗುತ್ತಿತ್ತು. ಬಾಧಕಜ್ಞಾನವು ಹುಟ್ಟುವ ದಾರಿಯೇ ಮುಚ್ಚಿಹೋಗಿತ್ತೆಂದರ್ಥ. ಬೇರೆ ಉದ್ದೇಶಕ್ಕಾಗಿ ಆರು ಗಂಟೆಗಳ ಮುಂಚೆ ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟು ಇಲ್ಲದಿದ್ದರೆ ನಷ್ಟವು ಆರು ಗಂಟೆಗಳಿಗೆ ನಿಲ್ಲುತ್ತಿರಲಿಲ್ಲ. ಬಾಧಕವು ತಾನಾಗಿ ಬಾರದ ಕಡೆ ಅದನ್ನು ಕರೆದು ತರುವುದು ಕಾಪಿನವನ ಧರ್ಮ. ಈ ಸಂಶಯವನ್ನು ಕೆಲವರು ಅಶ್ರದ್ಧೆಯೆಂದು ಎಣಿಸುತ್ತಾರೆ. ತಾನು ಕಟ್ಟಿದ ವ್ಯವಸ್ಥೆಯನ್ನು ಶಂಕಿಸುವುದು ತನ್ನನ್ನೇ ಹೀಗಳೆದಂತೆಂದು ನೊಂದುಕೊಳ್ಳುವವರೂ ಉಂಟು. ನನ್ನ ಎಣಿಕೆಯಲ್ಲಿ ಶ್ರದ್ಧೆಯು ಈ ವೃತ್ತಿಯಲ್ಲಿ ತಾಳಬಹುದಾದ ರೂಪವೇ ಇದು.

ಮೀಮಾಂಸಕರ ಪ್ರತ್ಯಾಕ್ಷೇಪವನ್ನು ಮಾತ್ರ ಹಗುರವಾಗಿ ಕಾಣಬಾರದು. ಒಂದು ಜ್ಞಾನಕ್ಕೆ ಇನ್ನೊಂದು ಜ್ಞಾನವು ಪ್ರಾಮಾಣ್ಯವನ್ನು ಕೊಡುವುದಾದರೆ ಆ ಇನ್ನೊಂದಕ್ಕೆ ಕೊಡುವವರು ಯಾರು? ರಿಸ್ಟೋರ್ ಆದ ಕಡತವು ಸರಿಯೆಂದು ಮುದ್ರಾಂಕವು ಹೇಳಿತು. ಮುದ್ರಾಂಕವಿದ್ದ ಕ್ಯಾಟಲಾಗು ಸರಿಯೆಂದು ಹೇಳುವುದು ಯಾವುದು? ಹೀಗೆ ಅನವಸ್ಥೆಯು ಒದಗುತ್ತದೆ. ತನ್ನ ಸ್ವಂತ ಪ್ರವೃತ್ತಿಗೆ ವ್ಯಾಘಾತ ಬರುವ ತನಕ ಮಾತ್ರ ಶಂಕೆಗೆ ಅವಕಾಶವೆಂದು ಉದಯನಾಚಾರ್ಯರು ಅದಕ್ಕೊಂದು ಎಲ್ಲೆ ಹಾಕಿದರು; ಸಕಲವನ್ನೂ ಶಂಕಿಸುವವನು ಹಸಿವಿಗೆ ಅನ್ನವನ್ನು ತಾನೆ ಹೇಗೆ ಹುಡುಕಿಯಾನು? ದ್ವೈತಿಗಳು ಅನವಸ್ಥೆಯನ್ನು ಸಾಕ್ಷಿಯಲ್ಲಿ ನಿಲ್ಲಿಸಿದರು. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವ, ಆತ್ಮಸ್ವರೂಪವೇ ಆದ ಆ ಸಾಕ್ಷಿಯು ಯಂತ್ರಗಳ ಸರಪಳಿಯಲ್ಲಿ ಎಲ್ಲಿಯೂ ಇಲ್ಲ. ಡೈರೆಕ್ಟರಿನಲ್ಲಿಲ್ಲ, ಡೀಮನ್ನುಗಳಲ್ಲಿಲ್ಲ, ಕ್ಯಾಟಲಾಗಿನಲ್ಲಿಲ್ಲ. ಅದು ಇರುವುದು ಕಡತದ ಒಡೆಯನಲ್ಲಿ, ಇದು ನಾನು ಬರೆದದ್ದು ಎಂದು ಹೇಳಬಲ್ಲವನಲ್ಲಿ.

ಮರೆವಿನ ಬಗೆಗೂ ಎರಡು ಮಾತು ಹೇಳಬೇಕು, ಏಕೆಂದರೆ ಟೇಪುಗಳ ಸಂಖ್ಯೆಗೆ ಮಿತಿಯಿದೆ, ಅವಧಿ ಮುಗಿದ ಟೇಪನ್ನು ಮತ್ತೆ ಬಳಸುವಂತೆ ತಂತ್ರಾಂಶವನ್ನು ಅಣಿಗೊಳಿಸಿಯೇ ಇರುತ್ತಾರೆ. 1969ರಲ್ಲಿ ಅಪೊಲೊ 11ರಿಂದ ಭೂಮಿಗೆ ಬಂದ ಮೂಲ ದೂರದರ್ಶನ ಸಂಕೇತಗಳನ್ನು ಹೊತ್ತಿದ್ದ ಟೇಪುಗಳು, ಟೇಪಿನ ಕೊರತೆಯಾದ ಮುಂದಿನ ವರ್ಷಗಳಲ್ಲಿ ಅಳಿಸಲ್ಪಟ್ಟು ಬೇರೆಯ ಕಾರ್ಯಕ್ಕೆ ಬಳಕೆಯಾದವೆಂದು ನಾಸಾ ಸಂಸ್ಥೆಯು 2009ರಲ್ಲಿ ತೀರ್ಮಾನಕ್ಕೆ ಬಂದಿತು. ಅಲ್ಲಿ ಯಾರೂ ಅಳಿಸಬೇಕೆಂದು ಸಂಕಲ್ಪಿಸಿದವರಿರಲಿಲ್ಲ. ಉಳಿಸಬೇಕೆಂದು ಸಂಕಲ್ಪಿಸಿದವರು ಇರಲಿಲ್ಲವಷ್ಟೆ. ಇತ್ತ, ರೋಗಿಯು ಅಳಿಸಿರೆಂದು ಕೇಳಿಕೊಂಡ ವಿವರವನ್ನು ಹಳೆಯ ಟೇಪುಗಳಲ್ಲಿ ಹತ್ತು ವರ್ಷ ಉಳಿಸುವುದೂ ಅನ್ಯಾಯವೇ. ಯಾವ ಟೇಪು ಎಷ್ಟು ದಿನವೆಂಬ ಆ ಅಂಕೆಯನ್ನು ತಂತ್ರಜ್ಞನೊಬ್ಬನೇ ತನ್ನ ಮೇಜಿನ ಮುಂದೆ ಕುಳಿತು ಬರೆಯಬಾರದು.

ಸಾಕ್ಷಿಯ ವಿಷಯಕ್ಕೆ ಮರಳುತ್ತೇನೆ. ಒಂದು ಸಹಕಾರ ಸಂಘದಲ್ಲಿ, ತಿಂಗಳಿಗೊಮ್ಮೆ ಯಾವುದಾದರೊಂದು ಕಡತವನ್ನು ಬೇರೆಯ ಸರ್ವರಿಗೆ ರಿಸ್ಟೋರ್ ಮಾಡಿ ಅದರ ಒಡೆಯರಿಗೆ ತೋರಿಸುವ ಪದ್ಧತಿಯನ್ನು ಆರಂಭಿಸಿದಾಗ, ಮೊದಲು ಬಂದವರು ಹಿರಿಯ ಲೆಕ್ಕಿಗರೊಬ್ಬರು. ವರದಿಯಲ್ಲಿ ಎಲ್ಲವೂ ಓಕೆ ಆಗಿತ್ತು, ಮುದ್ರಾಂಕಗಳು ತಾಳೆಯಾಗಿದ್ದವು. ಆಕೆ ಕನ್ನಡಕ ಏರಿಸಿಕೊಂಡು ಖತಾವಣಿಯ ಕೊನೆಯ ಪುಟಕ್ಕೆ ನೇರವಾಗಿ ಹೋಗಿ, “ಸರ್, ಮೂವತ್ತೊಂದನೇ ತಾರೀಖಿನ ಬಡ್ಡಿ ಹೊಂದಾಣಿಕೆ ಇದರಲ್ಲಿ ಬಂದಿಲ್ಲವಲ್ಲ, ಅದನ್ನ ನಾನೇ ಕೂತು ಹಾಕಿದ್ದು” ಎಂದರು. ತಿಂಗಳ ಕೊನೆಯ ದಿನ ಅಲ್ಲಿನವರು ಮಧ್ಯರಾತ್ರಿಯವರೆಗೂ ಕೆಲಸ ಮಾಡುತ್ತಾರೆಂಬುದೂ, ಡೇಟಾಬೇಸಿನ ಡಂಪು ಎಂದಿನಂತೆ 23:05ಕ್ಕೇ ತೆಗೆಯಲ್ಪಡುತ್ತದೆಂಬುದೂ ಹೊರಬಿದ್ದವು. ಮರುದಿನದ ಡಂಪಿನಲ್ಲಿ ಆ ನಮೂದು ಸೇರಿದ್ದಿತು. ಆದರೆ ವರ್ಷಗಟ್ಟಲೆ ಕಾಪಿಡುವುದಕ್ಕೆಂದು ಪ್ರತ್ಯೇಕವಾಗಿ ತೆಗೆದಿರಿಸುತ್ತಿದ್ದುದು ತಿಂಗಳ ಕೊನೆಯ ರಾತ್ರಿಯ ಟೇಪನ್ನೇ. ಆ ಜಾಬನ್ನು ಗಡಿಯಾರಕ್ಕೆ ಕಟ್ಟಿಹಾಕದೆ, ದಿನದ ಲೆಕ್ಕ ಮುಕ್ತಾಯವಾದ ಮೇಲೆ ಡೈರೆಕ್ಟರಿಗೆ ಆಜ್ಞೆಯು ಹೋಗುವಂತೆ ಮಾರ್ಪಡಿಸಲಾಯಿತು. ಮುಂದಿನ ತಿಂಗಳು ಆಕೆ ಬಂದು ಕೇಳಿದುದು ಮೂರು ವರ್ಷ ಹಿಂದಿನ ಮಾರ್ಚಿ ತಿಂಗಳ ಖತಾವಣಿಯನ್ನು.